ಅರ್ಥ ಗೊತ್ತೇನವ್ವಾ?

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ಏನೂ ಅನ್ನದೆ ಉಂಡು ಎದ್ದರು. ಅಂದರೆ ನನ್ನ ಮುಖ ಹೇಗಿತ್ತು ಅಂತ ನೀವೇ ಲೆಕ್ಕ ಹಾಕಿ.

ನಡೆದದ್ದು ಇಷ್ಟು. ಧಾರವಾಡದಲ್ಲಿ ಶಾಲೆ ಮಕ್ಕಳ ಹಾಡಿನ ಸ್ಪರ್ಧೆ ಇತ್ತು. ಎಲ್ಲಿ, ಯಾರು ನಡೆಸಿದ್ದು ಅಂತ ಬರೆಯುವುದಿಲ್ಲ. ಕಮೆಂಟಿನಲ್ಲಿ ಕೇಳಬೇಡಿ, ಇನ್‌ಬಾಕ್ಸಿಗೂ ಬರಬೇಡಿ. ನಮ್ಮ ಆಫೀಸಿನವರೊಬ್ಬರ ಮಗ ಹಾಡುತ್ತಾನೆ, ಬರ್ರಿ ಅಕ್ಕಾರ ಅಂದರು, ರವಿವಾರ ಹೇಗೂ ಖಾಲಿ, ಹೋದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿದರೆ ಆಯಿತಲ್ಲ.

ಹದಿನೇಳು ಮಕ್ಕಳು ಹಾಡಿದರು. ಹದಿನಾರು ಮಂದಿ ಮೊಬೈಲಿನ ಕರೋಕೆ ಹಚ್ಚಿಕೊಂಡು ಹಾಡಿದರು. ಅವರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಚೆನ್ನಾಗಿ ತಯಾರಾಗಿ ಬಂದಿದ್ದರು. ಉಳಿದವಳು ಶಿಗ್ಗಾಂವಿ ಕಡೆಯ ಹಳ್ಳಿಯ ಹುಡುಗಿ, ಏಳನೇ ಇಯತ್ತೆ. ಎಣ್ಣೆ ಹಚ್ಚಿ ಬಿಗಿದ ಎರಡು ಹೆರಳು, ಯೂನಿಫಾರ್ಮಿನ ಮೇಲೆ ಯಾರದೋ ದೊಡ್ಡ ಸ್ವೆಟರು. ಕೈ ಹಿಂದೆ ಕಟ್ಟಿಕೊಂಡು ಶರೀಫಜ್ಜನ ‘ಸೋರುತಿಹುದು ಮನಿಯ ಮಾಳಿಗಿ’ ಎತ್ತಿದಳು. ಅದೂ ನಮಗೆಲ್ಲ ಬಾಯಿಗೆ ಬರುವ ಸಿನಿಮಾ ಧಾಟಿ ಅಲ್ಲ. ಊರ ಭಜನಿ ಮೇಳದ ಧಾಟಿ. ತಾಳ ಇಲ್ಲದಿದ್ದರೂ ಬಲಗಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ನಾನು ಮೂರನೇ ಸಾಲಿನಲ್ಲಿದ್ದೆ, ಸ್ಪಷ್ಟ ಕಾಣುತ್ತಿತ್ತು. ಸಭೆಯಲ್ಲಿ ಕೆಮ್ಮುವವರೂ ಕೆಮ್ಮು ನುಂಗಿದರು.

ಮುಗಿಯಿತು. ಚಪ್ಪಾಳೆ. ನಿರ್ಣಾಯಕರು ಮೈಕು ಎಳೆದುಕೊಂಡರು.

“ಛಲೋ ಹಾಡಿದಿ. ಅರ್ಥ ಗೊತ್ತೇನವ್ವಾ?”

ಹುಡುಗಿ ಹೇಳಿದಳು, “ಮಳಿ ಬಂದ್ರ ಮನಿ ಸೋರತೈತ್ರಿ ಸರ್.”

ಇಡೀ ಸಭೆ ನಕ್ಕಿತು. ಅವಳಿಗೆ ಯಾಕೆ ನಕ್ಕರು ಅಂತ ಗೊತ್ತಾಗಲಿಲ್ಲ. ತಾನೂ ಸ್ವಲ್ಪ ನಕ್ಕಳು, ಆಮೇಲೆ ನಿಲ್ಲಿಸಿದಳು.

ಅಲ್ಲಿಂದ ಶುರುವಾಯಿತು ನೋಡಿ ಪುರಾಣ. ಮನೆ ಅಂದರೆ ದೇಹ, ಮಾಳಿಗೆ ಅಂದರೆ ಬುದ್ಧಿ, ತೊಲೆ ಅಂದರೆ ಇದು, ಜಂತಿ ಅಂದರೆ ಅದು, ಕೀಲು ಅಂದರೆ ಮತ್ತೊಂದು. ಷಟ್ಚಕ್ರ ಬಂತು, ಪಂಚಭೂತ ಬಂತು. ಗಡಿಯಾರ ನೋಡಿದೆ, ಹದಿನಾಲ್ಕು ನಿಮಿಷ. ಹಾಡು ಇದ್ದದ್ದು ನಾಲ್ಕು ನಿಮಿಷ. ಅಷ್ಟೂ ಹೊತ್ತು ಆ ಕೂಸು ವೇದಿಕೆ ಮೇಲೆ ನಿಂತೇ ಇತ್ತು. ತಾಳ ಹಾಕಿದ್ದ ಅದೇ ಬಲಗಾಲಿನಿಂದ ಎಡಗಾಲನ್ನು ಉಜ್ಜಿಕೊಳ್ಳುತ್ತಿತ್ತು. ಕಡೆಗೆ “ಅರ್ಥ ತಿಳಕೊಂಡು ಹಾಡಬೇಕು” ಅಂತ ಆಶೀರ್ವಾದ ಮಾಡಿ ಕಳಿಸಿದರು. ಬಹುಮಾನ ಸಿಗಲಿಲ್ಲ. ಸಮಾಧಾನಕರ ಬಹುಮಾನವೂ ಇಲ್ಲ. ಅರ್ಥ ಗೊತ್ತಿಲ್ಲದವರಿಗೆ ಸಮಾಧಾನ ಯಾಕೆ ಅಲ್ವಾ?

ನನಗೆ ತಿಳಿಯದ್ದು ಒಂದೇ. ಶರೀಫರು ಮೊದಲ ಸಾಲಿನಲ್ಲೇ ‘ಅಜ್ಞಾನದಿಂದ’ ಅಂತ ಹೇಳಿಬಿಟ್ಟಿದ್ದಾರೆ. ಗುಟ್ಟು ಏನೂ ಇಟ್ಟಿಲ್ಲ. ಒಳಗಿನದನ್ನು ಅವರೇ ಹೊರಗಿಟ್ಟು ಹೋದ ಮೇಲೆ ಇವರು ಹದಿನಾಲ್ಕು ನಿಮಿಷ ಅಗೆದದ್ದು ಏನನ್ನು? ಶರೀಫರೂ ಸ್ವಲ್ಪ ಕಾಲ ಸಾಲಿ ಮಾಸ್ತರಿಕೆ ಮಾಡಿದವರು. ಅದನ್ನು ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು ಅಂತ ನಿನ್ನೆ ಮೊದಲ ಸಲ ಅನ್ನಿಸಿತು.

ಇನ್ನೊಂದು ಮಾತು. ಆ ನಿರ್ಣಾಯಕರು ಇರುವುದು ಆರ್‌ಸಿಸಿ ಮನೆಯಲ್ಲಿ. ನಾನು ಇರುವುದೂ ಅಂಥದ್ದರಲ್ಲೇ, ಬಿಡಿ. ಅವರಿಗೆ ‘ಅಜ್ಞಾನ’ ಗೊತ್ತು, ಮಾಳಿಗೆ ಗೊತ್ತಿಲ್ಲ. ಹುಡುಗಿಗೆ ಮಾಳಿಗೆ ಗೊತ್ತು. ಅರ್ಧ ಅರ್ಥ ಇಬ್ಬರಲ್ಲೂ ಇದೆ. ಆದರೆ ನಗೆಪಾಟಲಾದವಳು ಒಬ್ಬಳೇ.

ಮಾಳಿಗೆ ಮನೆ ನೋಡದವರಿಗಾಗಿ ಹೇಳುತ್ತೇನೆ. ನನ್ನ ಬೆಟಗೇರಿ ಗೊತ್ತಲ್ಲ ನಿಮಗೆ, ಗದಗಿನ ಮಗ್ಗುಲ ಊರು, ನಮ್ಮದು ನೇಕಾರರ ಮನೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಸವಳು ಮಣ್ಣು ತಂದು ಹಾಕಿ ಮೆಟ್ಟಬೇಕು. ಆ ವರ್ಷ ಸೋಮಾರಿತನ ಮಾಡಿದರೆ ಮೊದಲ ದೊಡ್ಡ ಮಳೆಗೇ ಲೆಕ್ಕ ಚುಕ್ತಾ. ಒಂದು ಕಡೆ ಬೋಗುಣಿ, ಒಂದು ಕಡೆ ತಂಬಿಗೆ, ಒಂದು ಕಡೆ ಹಿಟ್ಟಿನ ಡಬ್ಬಿಯ ಮುಚ್ಚಳ. ಒಂದೊಂದಕ್ಕೂ ಒಂದೊಂದು ಸಪ್ಪಳ. ಬೆಳಕಿಂಡಿ ಮುಚ್ಚಲು ಯಾರಾದರೂ ಮೇಲೆ ಓಡಬೇಕು. ನಡುಮನೆಯಲ್ಲಿ ಕುಣಿಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ. ಹಾಸಿನ ಮೇಲೆ ಮಣ್ಣುನೀರಿನ ಒಂದು ಹನಿ ಬಿತ್ತೋ, ಹದಿನೈದು ದಿನದ ದುಡಿಮೆ ಹೋಯಿತು. ಸಾಹುಕಾರ ಕಲೆ ನೋಡಿ ರೊಕ್ಕ ಮುರಿಯುತ್ತಿದ್ದ.

ಅಂಥ ಒಂದು ರಾತ್ರಿ ನಮ್ಮಜ್ಜಿ ಮಗ್ಗದ ಮೇಲೆ ತಾಡಪತ್ರಿ ಹೊದಿಸುತ್ತಾ ಇದೇ ಹಾಡು ಹಾಡುತ್ತಿದ್ದಳು. ಶರೀಫರ ಸಿನಿಮಾ ಬಂದದ್ದು 1990ರಲ್ಲಿ, ಅಶ್ವತ್ಥರ ದನಿಯಲ್ಲಿ ನಾಡಿಗೆಲ್ಲ ಹಬ್ಬಿದ್ದೂ ಹೆಚ್ಚುಕಡಿಮೆ ಆ ಕಾಲಕ್ಕೇ. ಅಜ್ಜಿ ಹಾಡುತ್ತಿದ್ದದ್ದು ಅದಕ್ಕೂ ಎಷ್ಟೋ ಮೊದಲು. ಪೂರ್ತಿ ಹಾಡು ಬರುತ್ತಿರಲಿಲ್ಲ. ಎರಡೋ ಮೂರೋ ಸಾಲು. ಆದರೆ ‘ಅಜ್ಞಾನದಿಂದ’ ಅನ್ನುವಲ್ಲಿ ದನಿ ಏರಿಸಿ ನಮ್ಮ ಕಾಕಾ ಮಲಗಿದ್ದ ಚಾಪೆಯ ಕಡೆ ತಿರುಗುತ್ತಿದ್ದಳು. ಮಣ್ಣು ಹಾಕಿಸು ಅಂತ ಒಂದು ತಿಂಗಳಿಂದ ಹೇಳಿದ್ದಳಲ್ಲ ಅವನಿಗೆ. ಕಾಕಾ ಗೊಣಗುತ್ತಾ ಎದ್ದು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕತ್ತಲಲ್ಲಿ ನಿಚ್ಚಣಿಕೆ ಹುಡುಕುತ್ತಿದ್ದ. ಕಾಳಕತ್ತಲೆಯಲ್ಲಿ ಮೇಲೆ ಏರಿಹೋಗಲಾರೆ ಅನ್ನುವ ಮಾತು ಆ ಹಾಡಿನಲ್ಲೇ ಇದೆ. ಅದೇನು ಅಂತ ನಾನು ಪುಸ್ತಕದಲ್ಲಿ ಓದಲಿಲ್ಲ. ಕಾಕಾನ ಕಾಲು ನಿಚ್ಚಣಿಕೆಯ ಮೇಲೆ ನಡುಗುವುದನ್ನು ಕಂದೀಲು ಹಿಡಿದು ನೋಡಿದ್ದೇನೆ.

ಅಜ್ಜಿಯನ್ನು ಯಾರಾದರೂ “ಅರ್ಥ ಗೊತ್ತೇನವ್ವಾ” ಅಂತ ಕೇಳಿದ್ದರೆ ಮಗ್ಗದ ಲಾಳಿ ತೆಗೆದು ಒಗೆಯುತ್ತಿದ್ದಳು. ಅದರ ತುದಿಗೆ ಕಬ್ಬಿಣ ಇರುತ್ತದೆ, ನೆನಪಿರಲಿ.

ಈಗಂತೂ ಈ ಅಂತರಾರ್ಥದ ಕಾರಖಾನೆ ವಾಟ್ಸಾಪಿನಲ್ಲಿ ಮೂರು ಪಾಳಿಯಲ್ಲಿ ನಡೆಯುತ್ತಿದೆ. ಬೆಳಗ್ಗೆ ಎದ್ದರೆ ‘ಕೋಡಗನ ಕೋಳಿ ನುಂಗಿತ್ತಾ’ ಹಾಡಿನ ನಿಜವಾದ ಅರ್ಥ. ಸಂಜೆ ಅದೇ ಹಾಡಿನ ಇನ್ನೊಂದು ನಿಜವಾದ ಅರ್ಥ. ಎರಡರಲ್ಲೂ ಕೋಡಗ ಬೇರೆ, ಕೋಳಿ ಬೇರೆ. ಕೆಳಗೆ ‘ಹತ್ತು ಜನಕ್ಕೆ ಕಳಿಸಿ’. ಯಾಕಪ್ಪಾ? ಕೋಡಗವನ್ನು ಕೋಳಿ ನುಂಗಿತು ಅಂತ ಕೇಳಿದಾಗ ಚಿಕ್ಕವರಿದ್ದಾಗ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಆ ನಗುವಿಗೆ ಒಂದು ಬೆಲೆ ಇಲ್ಲವಾ? ದೊಡ್ಡವರಾದ ಮೇಲೆ ಯಾವುದೋ ರಾತ್ರಿ ಆ ಕೋಳಿ ತಾನಾಗಿ ಬಂದು ಎದೆಯ ಮೇಲೆ ಕೂತೀತು. ಕೂರದೆಯೂ ಇದ್ದೀತು. ಎಂಟು ವರ್ಷದ ಕೂಸಿನ ಬಾಯಿಗೆ ಈಗಲೇ ವೇದಾಂತ ತುರುಕಿದರೆ ನಗುವೂ ಹೋಯಿತು, ಕೋಳಿಯೂ ಹೋಯಿತು.

ಸಿಟ್ಟಿನಲ್ಲಿ ನಿನ್ನೆ ರಾತ್ರಿ ಚಂದಮಾಮ ನೆನಪಾಯಿತು. ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ ಇತ್ತು, ದಿನಕ್ಕೆ ನಾಲ್ಕಾಣೆ. ಚಂದಮಾಮ, ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆ. (ಅಮರ ಚಿತ್ರಕಥೆ ಮೊದಲು ಹೊರಬಂದದ್ದು ಕನ್ನಡದಲ್ಲೇ, 1965ರಲ್ಲಿ, ಅದಕ್ಕೇ ಇಂಗ್ಲಿಷಿನ ‘ಕೃಷ್ಣ’ನಿಗೆ 11ನೇ ನಂಬರು ಬಂತು ಅಂತ ನಮ್ಮಣ್ಣ ಬಂದವರಿಗೆಲ್ಲ ಹೇಳುತ್ತಾನೆ. ಆ ಪುಸ್ತಕಗಳನ್ನು ಅವನೇ ಬರೆದ ಹಾಗೆ.) ಅಪ್ಪ ಮಗ್ಗದಿಂದ ಎದ್ದು ಬಂದವರೇ ಪುಸ್ತಕ ಮುಚ್ಚಿಸಿ ಕೇಳುತ್ತಿದ್ದರು, “ನೀತಿ ಏನು ಕಲತಿ?” ಕಲಿಯುವುದಕ್ಕೆ ಯಾರು ಓದುತ್ತಿದ್ದರು ಹೇಳಿ! ನಾನು ನೋಡುತ್ತಿದ್ದದ್ದು ಹೆಗಲ ಮೇಲಿನ ಶವ, ಕೈಯಲ್ಲಿನ ಕತ್ತಿ, ಕೆಳಗೆ ಬಿದ್ದ ತಲೆಬುರುಡೆ. ಶಂಕರ್ ಬರೆದ ಆ ಚಿತ್ರ ನೋಡಿದ ಮೇಲೆ ರಾತ್ರಿ ಹಿತ್ತಲಿಗೆ ಹೋಗಲು ಅಜ್ಜಿಯ ಸೆರಗು ಬೇಕಾಗುತ್ತಿತ್ತು.

ಆ ಬೇತಾಳದ ಕಥೆಗಳನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಛಲ ಬಿಡದ ತ್ರಿವಿಕ್ರಮ ಶವ ಹೊತ್ತು ನಡೆಯುತ್ತಾನೆ. ಬೇತಾಳ ಕಥೆ ಹೇಳುತ್ತದೆ, ಕಡೆಗೆ ಪ್ರಶ್ನೆ ಕೇಳುತ್ತದೆ. ಪಾಪ, ರಾಜ ಸರಿಯಾದ ಉತ್ತರವನ್ನೇ ಕೊಡುತ್ತಾನೆ. ಬಾಯಿ ಬಿಟ್ಟ ಕೂಡಲೇ ಶವ ಹೆಗಲಿನಿಂದ ಮಾಯ, ಮತ್ತೆ ಮರದ ಮೇಲೆ. ತಿಂಗಳು ತಿಂಗಳು ಇದೇ ಕಥೆ. ಅರ್ಥ ಹೇಳಿದ, ಹೊತ್ತದ್ದು ಕೈತಪ್ಪಿತು. ನಿನ್ನೆ ಆ ವೇದಿಕೆಯ ಮೇಲೂ ಅದೇ ಆಯಿತು. ಉತ್ತರ ಪೂರ್ತಿ ಬರೋಬ್ಬರಿ. ಹಾಡು ಮಾತ್ರ ಮರ ಹತ್ತಿ ಕೂತಿತ್ತು.

ಈಗ ನನ್ನ ಗೆಳತಿಯೊಬ್ಬಳು, ಕನ್ನಡ ಲೆಕ್ಚರರ್, ಫೋನಿನಲ್ಲಿ ಇಷ್ಟೆಲ್ಲ ಕೇಳಿಸಿಕೊಂಡು ಅಂದಳು, “ಹಂಗಾರ ಗಿಳಿಪಾಠ ಮಾಡಿಸೂಣೇನ? ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡು ಮದುವಿ ಮನ್ಯಾಗ ಹಚ್ಚತಾರಲ್ಲ, ಅದಕ್ಕೇನಂತಿ?”

ಒಪ್ಪಿದೆ. ಒಂದು ನಿಮಿಷದ ಮಟ್ಟಿಗೆ ಒಪ್ಪಿದೆ. ಬೇಂದ್ರೆ ಅಜ್ಜ ಆ ಪದ್ಯ ಬರೆದದ್ದು ಮಗುವನ್ನು ಕಳೆದುಕೊಂಡ ಸಂಕಟದಲ್ಲಿ. ಹೆಂಡತಿಯ ಕಣ್ಣನ್ನು ಎದುರಿಸಲಾರದ ಗಂಡನ ಮಾತು ಅದು. ಅದನ್ನು ವಧು ವರರ ಸ್ಲೋ ಮೋಷನ್ ವಿಡಿಯೋಗೆ ಹಚ್ಚುತ್ತಾರೆ, ಹೌದು. ಧಾರವಾಡದಲ್ಲಿ ಯಾವ ಮದುವೆಗೆ ಹೋದರೂ ಈ ಹಾಡು ಬಂದ ಕೂಡಲೇ ಪಕ್ಕದ ಕುರ್ಚಿಯವರು ಬಗ್ಗಿ, “ಇದು ಆ್ಯಕ್ಚುಲಿ ಏನಂದ್ರ…” ಅಂತ ಶುರು ಮಾಡುತ್ತಾರೆ. ಅಲ್ಲಿಯೂ ತಪ್ಪಿದ್ದಲ್ಲ ಇವರ ಕಾಟ.

ಆದರೆ ಕೇಳಿ. ನನ್ನ ಮದುವೆ 1998ರಲ್ಲಿ, ಹಾವೇರಿಯಲ್ಲಿ. ನಮ್ಮ ವಿಡಿಯೋದವನೂ ಅದೇ ಹಾಡು ಹಾಕಿದ್ದ. ಅರಿಶಿಣದ ಶಾಸ್ತ್ರದ ಹಿಂದೆ! ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ, ಹಾಡು ಛಲೋ ಐತಿ ಅಂತ ಎಲ್ಲರೂ ಖುಷಿಪಟ್ಟೆವು. ಮದುವೆಯಾದ ತಿಂಗಳಿಗೆ ಮನೆಮಂದಿಯೆಲ್ಲ ಕೂತು ಕ್ಯಾಸೆಟ್ ನೋಡಿದೆವು. ಅತ್ತೆ ಬಾಗಿಲ ಹತ್ತಿರ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಾ ಕೂತಿದ್ದರು. ಹಾಡು ಬಂತು. ಅವರ ಕೈ ನಿಂತಿತು. ಟಿವಿ ಕಡೆ ನೋಡಲಿಲ್ಲ, ಮೊರವನ್ನೇ ನೋಡುತ್ತಿದ್ದರು. ಹಾಡು ಮುಗಿದ ಮೇಲೆ ಕೇಳಿದರು, “ಯಾರ್ದವಾ ಈ ಹಾಡು?” ಬೇಂದ್ರೆಯವರದು ಅಂದೆ. “ಮತ್ತೊಮ್ಮೆ ಹಚ್ಚು” ಅಂದರು.

ನನ್ನ ಯಜಮಾನರಿಗಿಂತ ಮೊದಲು ಅವರಿಗೆ ಒಂದು ಗಂಡು ಕೂಸು ಹುಟ್ಟಿ, ಹತ್ತು ತಿಂಗಳಿಗೆ ಹೋಗಿತ್ತು. ಆ ಮನೆಯಲ್ಲಿ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ. ನನಗೆ ಗೊತ್ತಾದದ್ದೇ ಮೂರು ವರ್ಷದ ಮೇಲೆ. ಅತ್ತೆ ಸಾಲಿ ಮೆಟ್ಟಿಲು ಹತ್ತಿದವರಲ್ಲ, ಬೇಂದ್ರೆ ಯಾರು ಅಂತಲೂ ಗೊತ್ತಿರಲಿಲ್ಲ. ಅರಿಶಿಣದ ಗದ್ದಲ, ಡೊಳ್ಳು ಹೊಟ್ಟೆಯ ಮಾವಂದಿರ ಕುಣಿತ, ಇಷ್ಟೆಲ್ಲದರ ನಡುವೆ ಹಾಡು ಸೀದಾ ಅವರ ಹತ್ತಿರ ಹೋಗಿ ಕೂತಿತ್ತು. ಯಾರು ಅರ್ಥ ಹೇಳಿದ್ದರು ಅವರಿಗೆ? ವಿಡಿಯೋದವನಾ?

ಗೆಳತಿಗೆ ಇದನ್ನೇ ಹೇಳಿದೆ. ಅವಳು “ಅದು ಎಕ್ಸೆಪ್ಷನ್” ಅಂದಳು. ಲೆಕ್ಚರರ್‌ಗಳಿಗೆ ಎಲ್ಲವೂ ಎಕ್ಸೆಪ್ಷನ್ನೇ. (ಇದನ್ನು ಓದಿ ಬೈಯುತ್ತಾಳೆ. ಬೈಯಲಿ.)

ಸರಿ, ಈಗ ನನ್ನ ಪಾಪದ ಸರದಿ. ಇಷ್ಟು ಹೊತ್ತು ಬೇರೆಯವರನ್ನು ಬೈದೆನಲ್ಲ, ಆ ಪ್ರಶ್ನೆಯನ್ನು ನಾನೂ ಕೇಳಿದ್ದೇನೆ. ಇದೇ ಬಾಯಿಂದ. ನನ್ನ ಮಗಳಿಗೆ.

ಅವಳಿಗೆ ಬಿಟಿಎಸ್ ಹುಚ್ಚು. ಏಳು ಜನ ಕೊರಿಯದ ಹುಡುಗರು, ನನ್ನ ಕಣ್ಣಿಗೆ ಏಳೂ ಒಂದೇ ಥರ. ದಿನವಿಡೀ ಕಿವಿಯಲ್ಲಿ ಅದೇ. ಒಂದು ದಿನ ತಾಳ್ಮೆ ಹೋಯಿತು. “ಏನು ಅರ್ಥ ಆಗ್ತದ ನಿನಗ? ಒಂದು ಶಬ್ದ ಗೊತ್ತೇನ?” ಅಂತ ಒದರಿದೆ. ಅವಳು ಮಾತಾಡಲಿಲ್ಲ. ಎದ್ದು ಹೋಗಿ ತನ್ನ ನೋಟ್‌ಬುಕ್ ತಂದಳು. ಕೊರಿಯನ್ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ಪುಟಗಟ್ಟಲೆ. ಒತ್ತಕ್ಷರ, ದೀರ್ಘ ಎಲ್ಲ ನೀಟಾಗಿ. ಕನ್ನಡ ಪರೀಕ್ಷೆಯಲ್ಲೂ ಇಷ್ಟು ಚೆಂದ ಬರೆದವಳಲ್ಲ. ಆಮೇಲೆ ಅಪ್ಪನ ಕಪಾಟು ತೆಗೆದು ಅವರ ಹಳೇ ಕೆಂಪು ಡೈರಿ ತಂದು ಅದರ ಪಕ್ಕದಲ್ಲಿಟ್ಟಳು. ನಮ್ಮ ಯಜಮಾನರು ಹತ್ತು ವರ್ಷ ಹಿಂದೂಸ್ತಾನಿ ಸಂಗೀತ ಕಲಿತವರು, ಗೊತ್ತಲ್ಲ. ಡೈರಿ ತುಂಬ ಬಂದಿಶ್‌ಗಳು. ಬ್ರಜ್ ಭಾಷೆ, ಕನ್ನಡ ಅಕ್ಷರ.

“ಅಪ್ಪಾ, ಇದರ ಅರ್ಥ ಹೇಳ್ರಿ” ಅಂದಳು. ಯಜಮಾನರು ಕನ್ನಡಕ ಹಾಕಿಕೊಂಡರು, ತೆಗೆದರು. “ಪಿಯಾ ಅಂದ್ರ… ಪ್ರಿಯ. ಮುಂದಿಂದು ನೋಡಬೇಕು.”

ಮುಂದಿನದನ್ನು ಇವತ್ತಿನವರೆಗೂ ನೋಡಿಲ್ಲ. ಆದರೆ ಅದೇ ಬಂದಿಶ್ ಹಾಡುವಾಗ ನಮ್ಮ ಯಜಮಾನರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. ಸುಳ್ಳು ನೀರಲ್ಲ ಅದು.

ಯೋಚನೆ ಮಾಡಿದರೆ ನಮ್ಮ ಈ ಸೀಮೆ ಪೂರ್ತಿ ಹೀಗೇ ಅಲ್ವಾ? 1933ರಲ್ಲಿ ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಗ್ರಾಮಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿದ. ಮನೆ ಬಿಟ್ಟು ಓಡಿದ. ಗುರುವನ್ನು ಹುಡುಕಿ ಗ್ವಾಲಿಯರ್‌ವರೆಗೆ ಹೋದ, ಊರೂರು ಅಲೆದ. ಕಡೆಗೆ ಗುರು ಸಿಕ್ಕದ್ದು ಇಲ್ಲೇ, ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಭೀಮಸೇನ ಜೋಶಿಯವರ ಈ ಕಥೆಯನ್ನು ನಾವು ನೂರು ಸಲ ಹೆಮ್ಮೆಯಿಂದ ಹೇಳುತ್ತೇವೆ. ಆ ಹುಡುಗ ಠುಮ್ರಿಯ ಅರ್ಥ ತಿಳಿದುಕೊಂಡು ಓಡಿದನಾ? ಯಾರಾದರೂ ಅಡ್ಡಗಟ್ಟಿ “ಅರ್ಥ ಗೊತ್ತೇನಪ್ಪಾ” ಅಂತ ಹದಿನಾಲ್ಕು ನಿಮಿಷ ನಿಲ್ಲಿಸಿದ್ದರೆ ರೈಲು ತಪ್ಪುತ್ತಿತ್ತು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಅದೇ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತರು. ಮನೆಯ ಮಾತು ಕನ್ನಡ, ಹಾಡುವ ಮಾತು ಬೇರೆ. ಕೇಳುವ ನಮಗಂತೂ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೂ ನಮ್ಮ ಜನ ಚಾಪೆ ಹಾಸಿಕೊಂಡು ಬೆಳಗಿನ ಜಾವದ ಭೈರವಿವರೆಗೆ ಕೂತರು.

ನಮಗೆ ತಿಳಿಯದ ಬ್ರಜ್ ಆದರೆ ಸಂಸ್ಕೃತಿ. ಮಗಳಿಗೆ ತಿಳಿಯದ ಕೊರಿಯನ್ ಆದರೆ ಹುಚ್ಚು. ಆ ರಾತ್ರಿ ಎರಡು ನೋಟ್‌ಬುಕ್ ಟೀಪಾಯಿ ಮೇಲೆ ಅಕ್ಕಪಕ್ಕ ಬಿದ್ದಿದ್ದವು. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಒಳಗೆ ಹೋದೆ. ಕ್ಷಮೆ ಕೇಳಿದೆಯಾ ಅಂದರೆ, ಇಲ್ಲ. ಮರುದಿನ ಅವಳಿಗೆ ಇಷ್ಟ ಅಂತ ಗಿರ್ಮಿಟ್ ಮಾಡಿಕೊಟ್ಟೆ. ನಮ್ಮ ಮನೆಯಲ್ಲಿ ಅದೇ ಕ್ಷಮೆ. (ಬಿಟಿಎಸ್ ಇನ್ನೂ ನನಗೆ ಹಿಡಿಸಿಲ್ಲ. ಅದು ಬೇರೆ ಮಾತು.)

ಹಾಗಾಗಿ ನಿನ್ನೆ ಆ ನಿರ್ಣಾಯಕರ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಉಳಿದರ್ಧ ಮಾತ್ರ ಅವರಿಗೆ. ಅದನ್ನು ಬಿಟ್ಟುಕೊಡುವುದಿಲ್ಲ.

ಕಾರ್ಯಕ್ರಮ ಮುಗಿದು ಚಿಗರಿ ಹತ್ತಿದರೆ ಆ ಹುಡುಗಿ, ಅವಳ ತಾಯಿ ಅದೇ ಬಸ್ಸಿನಲ್ಲಿ. ಹುಬ್ಬಳ್ಳಿಗೆ ಬಂದು ಅಲ್ಲಿಂದ ಊರಿನ ಬಸ್ಸು ಹಿಡಿಯಬೇಕಂತೆ. ತಾಯಿಯ ತೊಡೆಯ ಮೇಲೆ ಬುತ್ತಿಯ ಚೀಲ, ಹುಡುಗಿ ಕಿಟಕಿಗೆ ತಲೆ ಹಚ್ಚಿ ಕೂತಿತ್ತು. ಭಾಗವಹಿಸಿದವರಿಗೆ ಕೊಟ್ಟ ಸರ್ಟಿಫಿಕೇಟು ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿತ್ತು. ಎದುರಿನ ಸೀಟಿನಲ್ಲಿ ಕೂತು ಮಾತಾಡಿಸಿದೆ. ಬಹಳ ಛಲೋ ಹಾಡಿದಿ ಅಂದೆ. ಯಾರ ಹತ್ತಿರ ಕಲಿತಿ ಅಂದೆ. “ಮುತ್ಯಾನ ಕಡಿಂದ್ರಿ” ಅಂದಳು. ಅಜ್ಜ ಭಜನಿ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದರಂತೆ, ಈಗ ಕೈ ನಡುಗುತ್ತದಂತೆ.

ಹುಡುಗಿ ನವನಗರ ದಾಟುವವರೆಗೆ ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, “ನಾ ಹೇಳಿದ್ದು ತಪ್ಪೇನ್ರಿ ಅಂಟಿ?”

ತಪ್ಪಲ್ಲವ್ವಾ ಅಂದೆ. ನಮ್ಮ ಬೆಟಗೇರಿ ಮನೆಯೂ ಸೋರುತ್ತಿತ್ತು ಅಂದೆ. ಮಗ್ಗದ ಮೇಲೆ ತಾಡಪತ್ರಿ ಹೊದಿಸಿದ್ದು, ಅಜ್ಜಿ, ಕಾಕಾ, ನಿಚ್ಚಣಿಕೆ, ಎಲ್ಲ ಹೇಳಿದೆ. ಆಗ ನಕ್ಕಳು, ಹಲ್ಲು ಕಾಣುವ ಹಾಗೆ. ಅವರ ಮನೆಯಲ್ಲೂ ಒಬ್ಬ ಕಾಕಾ ಇದ್ದಾನಂತೆ.

ತಾಯಿಗೆ ಸ್ವಲ್ಪ ಸಂಕೋಚ ಆಯಿತೋ ಏನೋ. “ಈಗ ಸೋರೂದಿಲ್ರಿ ಬಾಯಾರ” ಅಂದರು. “ಹ್ವಾದ ವರ್ಷ ತಗಡು ಹಾಕಿಸೇವಿ.”

“ತಗಡಿನ ಮ್ಯಾಲೆ ಮಳಿ ಬಿದ್ರ ಭಾಳ ಸಪ್ಪಳ ಆಗತೈತ್ರಿ ಅಂಟಿ” ಅಂತ ಹುಡುಗಿ ಅಂದಳು. “ಮುತ್ಯಾ ಹಾಡಿದ್ದು ಕೇಳಸೂದ ಇಲ್ಲ. ಅವನ ಮಗ್ಗಲದಾಗ ಹೋಗಿ ಕುಂದರಬೇಕು.”

ಅಷ್ಟರಲ್ಲಿ ನನ್ನ ಸ್ಟಾಪ್ ಬಂತು.